ರಕ್ತಕ್ಕೆ ಒಗ್ಗುವ ಪ್ಲಾಸ್ಟಿಕ್

ಮಕ್ಕಳೇ, ಬೆರಳು ಕೊಯ್ದುಕೊಂಡರೆ ಸ್ವಲ್ಪ ಹೊತ್ತಿನಲ್ಲೇ ರಕ್ತ ಹೆಪ್ಪುಗಟ್ಟಿ ನಿಲ್ಲುತ್ತದೆ, ಅಲ್ವಾ? ಜೀವ ಉಳಿಸುವ ಈ ಗುಣವೇ ಕೆಲವೊಮ್ಮೆ ಜೀವಕ್ಕೆ ಅಪಾಯ ತರುತ್ತದೆ. ಹೃದಯದ ಹಲವು ಶಸ್ತ್ರಚಿಕಿತ್ಸೆಗಳಲ್ಲಿ ರಕ್ತವನ್ನು ಪ್ಲಾಸ್ಟಿಕ್ ಕೊಳವೆಗಳ ಮೂಲಕ ಯಂತ್ರಕ್ಕೆ ಹರಿಸಿ, ಆಮ್ಲಜನಕ ಕೊಟ್ಟು, ಮತ್ತೆ ದೇಹಕ್ಕೆ ಕಳಿಸುತ್ತಾರೆ. ರಕ್ತಕ್ಕೆ ಪ್ಲಾಸ್ಟಿಕ್ ಹೊರಗಿನ ವಸ್ತು. ಅದನ್ನು ಮುಟ್ಟಿದರೆ ಸಾಕು, ಹೆಪ್ಪುಗಟ್ಟಲು ಶುರು. ಆ ಹೆಪ್ಪು ಮೆದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡರೆ ಪಾರ್ಶ್ವವಾಯು ಆಗಬಹುದು.

ಹೆಪಾರಿನ್ ಅಂದರೇನು?

1916ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯಕೀಯ ವಿದ್ಯಾರ್ಥಿಯಿಂದ ಶುರುವಾದ ಸಂಶೋಧನೆಯ ಫಲ ಇದು. ಗ್ರೀಕ್ ಭಾಷೆಯಲ್ಲಿ 'ಹೆಪಾರ್' ಎಂದರೆ ಯಕೃತ್ತು. ಪಿಷ್ಟ, ಸೆಲ್ಯುಲೋಸ್‌ಗಳ ಹಾಗೆ ಹೆಪಾರಿನ್ ಕೂಡ ಪಾಲಿಸ್ಯಾಕರೈಡ್, ಅಂದರೆ ಸಕ್ಕರೆ ಘಟಕಗಳ ಸರಪಳಿ. ಅದರಲ್ಲಿರುವ ಐದು ಘಟಕಗಳ ಒಂದು ವಿಶೇಷ ತುಣುಕು ರಕ್ತದ ಆಂಟಿಥ್ರಾಂಬಿನ್ ಎಂಬ ಪ್ರೋಟೀನನ್ನು ಹಿಡಿದು, ಹೆಪ್ಪು ತಡೆಯುವ ಅದರ ವೇಗವನ್ನು ಸುಮಾರು 1000 ಪಟ್ಟು ಹೆಚ್ಚಿಸುತ್ತದೆ. ಕೆಲಸ ಮುಗಿದ ಮೇಲೆ ಬಿಟ್ಟು, ಇನ್ನೊಂದನ್ನು ಹಿಡಿಯುತ್ತದೆ. ತಾನು ಖರ್ಚಾಗುವುದಿಲ್ಲ. ನೀವು ಓದಿದ ವೇಗವರ್ಧಕ ನೆನಪಾಯಿತೇ?

ಹೆಪಾರಿನ್ನನ್ನು ರಕ್ತಕ್ಕೇ ಕೊಡಬಹುದು, ಕೊಡುತ್ತಾರೆ ಕೂಡ. ಆದರೆ ಹೆಚ್ಚಾದರೆ ರಕ್ತಸ್ರಾವ ನಿಲ್ಲುವುದಿಲ್ಲ. ಹಾಗಾದರೆ ಕೊಳವೆಯ ಗೋಡೆಗೇ ಅದನ್ನು ಜೋಡಿಸಿದರೆ?

ಜೋಡಿಸುವುದು ಹೇಗೆ?

ಹೆಪಾರಿನ್ ಋಣ ಆವೇಶದ ಅಣು. ಧನ ಆವೇಶದ ಲೇಪನ ಕೊಟ್ಟರೆ ಅಂಟುತ್ತದೆ. 1960ರ ದಶಕದಲ್ಲಿ ಹೀಗೇ ಮಾಡಿದರು. ಆದರೆ ಈ ಅಯಾನಿಕ್ ಬಂಧ ರಕ್ತದ ಹರಿವಿನಲ್ಲಿ ನಿಧಾನಕ್ಕೆ ಬಿಟ್ಟುಹೋಗುತ್ತದೆ. ಸಹವೇಲೆನ್ಸೀಯ ಬಂಧ ಗಟ್ಟಿ. ಆದರೆ ಸರಪಳಿಯನ್ನು ಹತ್ತಾರು ಕಡೆ ಕಟ್ಟಿಹಾಕಿದರೆ ಆ ಐದು ಘಟಕಗಳಿಗೆ ಪ್ರೋಟೀನ್ ಹಿಡಿಯಲು ಆಗುವುದಿಲ್ಲ.

1983ರಲ್ಲಿ ಸ್ವೀಡನ್‌ನ ಓಲೆ ಲಾರ್ಮ್ ಮತ್ತು ಸಂಗಡಿಗರು ದಾರಿ ತೋರಿಸಿದರು. ನೈಟ್ರಸ್ ಆಮ್ಲದಿಂದ ಹೆಪಾರಿನ್ ಸರಪಳಿಯನ್ನು ಹದವಾಗಿ ತುಂಡರಿಸಿದಾಗ ತುಂಡಿನ ಒಂದು ತುದಿಯಲ್ಲಿ ಆಲ್ಡಿಹೈಡ್ ಗುಂಪು ಉಂಟಾಗುತ್ತದೆ. ಆ ತುದಿಯನ್ನು ಮಾತ್ರ ಮೇಲ್ಮೈಯ ಕೃತಕ ಪಾಲಿಮರಿನ ಅಮೈನ್ ಗುಂಪಿಗೆ ಜೋಡಿಸಿದರು. ಉಳಿದ ಸರಪಳಿ ಹೊಳೆಯಲ್ಲಿ ಬೇರೂರಿದ ಜೊಂಡಿನ ಹಾಗೆ ರಕ್ತದಲ್ಲಿ ತೂಗಾಡುತ್ತಾ ಕೆಲಸ ಮಾಡುತ್ತದೆ. ಗಟ್ಟಿಯಾಗಿ ಕಟ್ಟಿದರಷ್ಟೇ ಸಾಲದು, ಎಲ್ಲಿ ಕಟ್ಟಿದ್ದೇವೆ ಅನ್ನುವುದೂ ಮುಖ್ಯ.

ಮಾಡಿ ನೋಡಿ

ದಾರಕ್ಕೆ ಮಣಿ ಪೋಣಿಸಿ. ನಡುವೆ ಐದು ಕೆಂಪು ಮಣಿ ಇರಲಿ. ಒಂದು ತುದಿಯನ್ನು ಮಾತ್ರ ರಟ್ಟಿಗೆ ಅಂಟಿಸಿ, ಕೆಂಪು ಮಣಿಗಳ ಸುತ್ತ ಕಾಗದದ ಪಟ್ಟಿ ಸುತ್ತಿ. ಆಮೇಲೆ ಪಟ್ಟಿ ತೆಗೆದು, ದಾರವನ್ನು ಉದ್ದಕ್ಕೂ ಅಂಟಿಸಿ ಮತ್ತೆ ಸುತ್ತಲು ನೋಡಿ.

ಯೋಚಿಸಿ

1. ಕಾಗದದ ಪಟ್ಟಿ ಇಲ್ಲಿ ಯಾವುದರ ಮಾದರಿ?
2. ಹೆಪಾರಿನ್ ಒಂದೇ ಸಲಕ್ಕೆ ಖರ್ಚಾಗುವಂತಿದ್ದರೆ ಇಂಥ ಕೊಳವೆಯಿಂದ ಪ್ರಯೋಜನ ಇರುತ್ತಿತ್ತೇ?