ವಾಪಸ್ ತರಲಾಗದ ಪಂಪು

ಶೆಟ್ಟಿಕೊಪ್ಪದ ಕಡೆ ಅಡಿಕೆ ತೋಟದ ಪಂಪ್‌ಸೆಟ್ ಕೈಕೊಟ್ಟರೆ ಏನು ಮಾಡ್ತೀವಿ? ಬಿಚ್ಚಿ ಜೀಪಿಗೆ ಹಾಕಿ ಕೊಪ್ಪಕ್ಕೋ ಎನ್.ಆರ್.ಪುರಕ್ಕೋ ರಿಪೇರಿಗೆ ಒಯ್ತೀವಿ. ಎರಡು ದಿನ ನೀರಿಲ್ಲದಿದ್ದರೂ ತೋಟ ತಡೆದುಕೊಳ್ಳುತ್ತೆ. ಆದರೆ ಪಂಪು ಮನುಷ್ಯನ ಎದೆಯೊಳಗಿದ್ದು, ಕಂಪನಿಯೇ ‘ಇದರಲ್ಲಿ ದೋಷ ಇದೆ’ ಅಂದರೆ?

ಎಲ್‌ವ್ಯಾಡ್ ಅಂಥದ್ದೊಂದು ಪಂಪು. ಹೃದಯ ತೀರಾ ದುರ್ಬಲವಾದಾಗ, ಅದು ಎಡ ಹೃತ್ಕುಕ್ಷಿಯಿಂದ ರಕ್ತ ಎಳೆದು ಕೃತಕ ಕೊಳವೆಯ ಮೂಲಕ ಮಹಾಪಧಮನಿಗೆ ತಳ್ಳುತ್ತದೆ. ಚರ್ಮದ ಮೂಲಕ ಹೊರಬರುವ ಕೇಬಲ್ ಒಂದು ಕಂಟ್ರೋಲರ್‌ಗೆ ಸೇರುತ್ತದೆ. ಅದಕ್ಕೆ ಬ್ಯಾಟರಿಯಿಂದ ಕರೆಂಟು.

ಮೆಡ್‌ಟ್ರಾನಿಕ್ ಕಂಪನಿಯ ‘ಎಚ್‌ವ್ಯಾಡ್’ ಪಂಪಿಗೆ ಅಮೆರಿಕದ ಎಫ್‌ಡಿಎ 2012ರಲ್ಲಿ ಅನುಮತಿ ಕೊಟ್ಟಿತ್ತು. 2021ರ ಜೂನ್ 3ರಂದು ಕಂಪನಿ ಅದರ ಮಾರಾಟವನ್ನೇ ನಿಲ್ಲಿಸಿತು. ಕಾರಣ ಎರಡು. ಒಂದು, ಇದನ್ನು ಹಾಕಿಸಿಕೊಂಡವರಲ್ಲಿ ಪಾರ್ಶ್ವವಾಯುವಿನಂಥ ನರಸಂಬಂಧಿ ತೊಂದರೆಗಳೂ ಸಾವುಗಳೂ ಬೇರೆ ಪಂಪಿಗಿಂತ ಹೆಚ್ಚಾಗಿದ್ದವು. ಎರಡು, ಒಮ್ಮೆ ನಿಂತ ಪಂಪು ಕೆಲವು ಸಲ ತಡವಾಗಿ ಶುರುವಾಗುತ್ತಿತ್ತು, ಕೆಲವು ಸಲ ಶುರುವೇ ಆಗುತ್ತಿರಲಿಲ್ಲ.

ಎರಡನೆಯದು ನಮ್ಮ ಪಾಠದ ವಿಷಯ. ಎಚ್‌ವ್ಯಾಡ್‌ನ ಇಂಪೆಲ್ಲರ್ ತೇಲುವುದಕ್ಕೆ ಆಯಸ್ಕಾಂತದ ಜೊತೆ ಹೈಡ್ರೋಡೈನಮಿಕ್ ಬೇರಿಂಗ್ ಕೂಡ ಬೇಕು. ಈ ಬೇರಿಂಗ್‌ನಲ್ಲಿ ತೆಳುವಾದ ದ್ರವಪದರ ಹುಟ್ಟುವುದು ತಿರುಗುವಾಗ ಮಾತ್ರ, ನಿಂತಾಗ ಅದಿಲ್ಲ. ಹಾಗಾಗಿ ಓಡುವುದಕ್ಕಿಂತ ಮತ್ತೆ ಶುರುವಾಗುವುದೇ ಕಷ್ಟದ ಗಳಿಗೆ.

ಆ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 4000 ಮಂದಿಯ ಎದೆಯಲ್ಲಿ ಈ ಪಂಪು ಓಡುತ್ತಿತ್ತು. ಎಲ್ಲವನ್ನೂ ತೆಗೆಸಿ ಅಂತ ಯಾರೂ ಹೇಳಲಿಲ್ಲ, ಯಾಕಂದ್ರೆ ಚೆನ್ನಾಗಿ ಓಡುತ್ತಿರುವ ಪಂಪನ್ನು ತೆಗೆಯುವ ಶಸ್ತ್ರಚಿಕಿತ್ಸೆಯೇ ದೊಡ್ಡ ಅಪಾಯ. ಎರಡೂ ವಿದ್ಯುತ್ ಮೂಲಗಳನ್ನು ಒಟ್ಟಿಗೆ ಕಳಚಬೇಡಿ, ಪಂಪು ನಿಲ್ಲದಂತೆ ನೋಡಿಕೊಳ್ಳಿ ಅನ್ನುವಂಥ ಎಚ್ಚರಿಕೆಗಳೇ ಉಳಿದವು. ಅಂದರೆ ಡಿಸೈನಿನ ಭಾರ ರೋಗಿಯ ಹೆಗಲಿಗೆ ಬಿತ್ತು.

ಎಲ್ಲ ರಿಕಾಲ್‌ಗಳೂ ಹೀಗೆ ಮುಗಿಯುವುದಿಲ್ಲ. ಅಬಾಟ್ ಕಂಪನಿಯ ‘ಹಾರ್ಟ್‌ಮೇಟ್ 3’ ಪಂಪಿನ ಹೊರಗೊಳವೆ ದೇಹದೊಳಗೆ ನಿಧಾನವಾಗಿ ತಿರುಚಿಕೊಂಡು ರಕ್ತದ ಹರಿವು ಕಡಿಮೆಯಾಗುತ್ತಿದೆ ಅಂತ 2018ರಲ್ಲಿ ಎಚ್ಚರಿಕೆ ಬಂತು. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತೆ. ಜೋಡಣೆ ಚೂರು ತಿರುಗಲು ಬಿಟ್ಟರೂ ಚೂರುಚೂರು ಸೇರಿ ಪೂರ್ತಿ ಸುತ್ತಾಗಬಹುದು. ಪರಿಹಾರ? ಜೋಡಣೆ ತಿರುಗದಂತೆ ಹಿಡಿಯುವ ಪುಟ್ಟ ಕ್ಲಿಪ್. ಹೊಸ ರೋಗಿಗಳಿಗೆ ಅದು ವರವಾಯಿತು. ಮೊದಲೇ ಹಾಕಿಸಿಕೊಂಡವರಿಗೆ ಮಾತ್ರ ಕಾಯುವುದು, ಗಮನಿಸುವುದು.

ನಮ್ಮ ದೇಶದಲ್ಲೂ ವೈದ್ಯಕೀಯ ಸಾಧನಗಳಿಗೆ 2017ರ ನಿಯಮಗಳಿವೆ. ಅಪಾಯದ ಲೆಕ್ಕದಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗ. ಡಿ ಅಂದರೆ ಅತಿ ಹೆಚ್ಚು ಅಪಾಯ. ಸಾಧನಗಳಿಂದಾದ ತೊಂದರೆಗಳ ವರದಿ ಸಂಗ್ರಹಿಸುವ ‘ಮೆಟೀರಿಯೋವಿಜಿಲೆನ್ಸ್’ ಕಾರ್ಯಕ್ರಮ 2015ರಿಂದ ನಡೆಯುತ್ತಿದೆ. ಆದರೆ ಯಾವ ಸೀರಿಯಲ್ ನಂಬರಿನ ಪಂಪು ಯಾರ ಎದೆಯಲ್ಲಿದೆ ಅನ್ನೋ ದಾಖಲೆ ಸರಿಯಿಲ್ಲದಿದ್ದರೆ, ಎಚ್ಚರಿಕೆ ಕಾಗದದಲ್ಲೇ ಉಳಿಯುತ್ತೆ. ಮಲೆನಾಡಿನ ಮೂಲೆಯ ಮನೆಯೊಂದಕ್ಕೂ ಅದು ತಲುಪಬೇಕಲ್ಲ?

ಲ್ಯಾಬಿನಲ್ಲಿ ಪ್ರಾಜೆಕ್ಟ್ ಮಾಡುವಾಗ ನಾವು ಕೇಳೋದು ‘ಓಡುತ್ತಾ?’ ಅಂತ. ಓಡಿದರೆ ಫೋಟೋ ತೆಗೆದು ರಿಪೋರ್ಟ್ ಬರೀತೀವಿ. ಇನ್ಮೇಲೆ ಇನ್ನೆರಡು ಪ್ರಶ್ನೆ ಸೇರಿಸೋಣ: ನಿಂತರೆ ಮತ್ತೆ ಶುರುವಾಗುತ್ತಾ? ಕೆಟ್ಟರೆ, ಅದನ್ನು ನಂಬಿಕೊಂಡವರಿಗೆ ನಾವು ಹೇಗೆ ತಿಳಿಸ್ತೀವಿ?