ಕಬ್ಬಿನ ಗರಿ ಕಣ್ಣಿಗೆ ತಗುಲಿದರೆ: ಶಿಲೀಂಧ್ರ ಬೆಳೆಗಷ್ಟೇ ಬರೋದಲ್ಲ

ಬೆಳೆಗೆ ಬರುವ ಶಿಲೀಂಧ್ರ ರೋಗಗಳ ಬಗ್ಗೆ ಇಲ್ಲಿ ಎಷ್ಟೋ ಸಲ ಬರೆದಿದ್ದೀನಿ. ಈ ವಾರವೂ ಶಿಲೀಂಧ್ರದ ವಿಷಯವೇ, ಆದರೆ ನಮ್ಮ ಕಣ್ಣಿಗೆ ಬರೋದು. ಕಬ್ಬಿನ ಕಟಾವು, ಭತ್ತದ ಕೊಯ್ಲು ಶುರುವಾಗುವ ಮುಂಚೆ ಓದಿಟ್ಟುಕೊಳ್ಳಿ.

ನಮ್ಮಪ್ಪನಿಗೆ ಬಲಗಣ್ಣು ಕಾಣಲ್ಲ. ನಾನಾಗ ಪಿಯುಸಿ ಓದ್ತಿದ್ದೆ. ಕಬ್ಬಿನ ತರಗು ಬಿಡಿಸುವಾಗ ಗರಿಯ ತುದಿ ಕಣ್ಣಿಗೆ ಚುಚ್ಚಿತು. ಟವೆಲಿನಲ್ಲಿ ಒರೆಸಿಕೊಂಡು ಸಂಜೆವರೆಗೂ ಕೆಲಸ ಮಾಡಿದ್ರು. ರಾತ್ರಿ ಅಜ್ಜಿ ಹರಳೆಣ್ಣೆ ಬಿಟ್ಟರು. ಮೂರನೇ ದಿನ ಕಣ್ಣು ಕೆಂಪಗೇ ಇದ್ದದ್ದಕ್ಕೆ ನಾನೇ ಸೈಕಲ್ ಹತ್ತಿ ಮೆಡಿಕಲ್ ಶಾಪಿಗೆ ಹೋಗಿ ಡ್ರಾಪ್ಸ್ ತಂದೆ. ಹಾಕಿದ ಮಾರನೇ ದಿನ ಕೆಂಪು ಇಳಿಯಿತು. "ನೋಡ್ದಾ, ವಾಸಿ ಆಯ್ತು" ಅಂದ್ರು ಅಪ್ಪ. ಹತ್ತನೇ ದಿನಕ್ಕೆ ಕಣ್ಣುಗುಡ್ಡೆ ಮೇಲೆ ಬಿಳಿ ಮಚ್ಚೆ. ನಮ್ಮ ಕಡೆ ಇದಕ್ಕೆ ಕಣ್ಣಿಗೆ ಹೂ ಬಿತ್ತು ಅಂತಾರೆ. ಆಸ್ಪತ್ರೆಯಲ್ಲಿ ಡಾಕ್ಟರು ಡ್ರಾಪ್ಸ್ ಬಾಟಲಿ ತಿರುಗಿಸಿ ನೋಡಿ, "ಇದರಲ್ಲಿ ಸ್ಟೀರಾಯ್ಡ್ ಇದೆಯಲ್ಲಪ್ಪಾ, ಯಾರು ತಂದಿದ್ದು?" ಅಂದ್ರು. ನಾನು ಬಾಯಿ ಬಿಡಲಿಲ್ಲ.

ಆಮೇಲೆ ಕೃಷಿ ಓದುವಾಗ ಫ್ಯುಸೇರಿಯಂ ಅನ್ನೋ ಹೆಸರು ಬಂತು. ಬಾಳೆಗೆ ಪನಾಮಾ ಸೊರಗು ರೋಗ, ಕಡಲೆಗೆ ಸೊರಗು ರೋಗ ತರುವ ಶಿಲೀಂಧ್ರದ ಕುಲ ಅದು. ಅಪ್ಪನ ಚೀಟಿಯಲ್ಲೂ ಅದೇ ಹೆಸರಿತ್ತು. ಮಣ್ಣಲ್ಲಿ, ಒಣಗಿದ ಗರಿಯಲ್ಲಿ, ಹುಲ್ಲಲ್ಲಿ ಇದು ಇದ್ದೇ ಇರುತ್ತೆ. ಕಣ್ಣಿನ ಮುಂಭಾಗದ ಕಾರ್ನಿಯಾ ಅನ್ನೋ ಪಾರದರ್ಶಕ ಪದರ ಸರಿ ಇದ್ದರೆ ಒಳಗೆ ಹೋಗೋದು ಕಷ್ಟ. ಗರಿ ಗೀರಿದರೆ ದಾರಿ ಸಿಕ್ಕಂತೆ, ಅಲ್ಲಿಂದ ನಿಧಾನಕ್ಕೆ ಬೇರೂರುತ್ತೆ. ಆ ನಿಧಾನವೇ ಮೋಸ. ಮೊದಲ ದಿನಗಳಲ್ಲಿ ನೋವು ಅಷ್ಟೇನೂ ಇಲ್ಲದಿರಬಹುದು, ಹಾಗಾಗಿ ನಾವು ಸುಮ್ಮನಿರ್ತೀವಿ. ಶೇಂಗಾ ಮೇಲೆ ಹಸಿರು ಬೂಸ್ಟು ಕಟ್ಟುತ್ತಲ್ಲ, ಆ ಆಸ್ಪರ್ಜಿಲಸ್ಸೂ ಹೀಗೇ ಕಣ್ಣಿಗೆ ಹತ್ತುತ್ತೆ.

ಸ್ಟೀರಾಯ್ಡ್ ಮಾಡೋದೇನು? ಕೆಂಪು, ಊತ ಇಳಿಸುತ್ತೆ. ಆದರೆ ಕೆಂಪಾಗೋದು ಅಂದ್ರೆ ದೇಹ ಶಿಲೀಂಧ್ರದ ಜೊತೆ ಹೋರಾಡ್ತಿದೆ ಅಂತ. ಆ ಹೋರಾಟವನ್ನೇ ನಿಲ್ಲಿಸಿದರೆ ಶಿಲೀಂಧ್ರಕ್ಕೆ ಸುಗ್ಗಿ. ಗಜಕರ್ಣಕ್ಕೆ ಅಂಗಡಿಯಿಂದ ತಂದು ಹಚ್ಚುವ ಎಷ್ಟೋ ಮಿಕ್ಸ್ ಕ್ರೀಮುಗಳದ್ದೂ ಇದೇ ಕಥೆ: ಎರಡು ದಿನ ತುರಿಕೆ ನಿಲ್ಲುತ್ತೆ, ಆಮೇಲೆ ಮೈಯೆಲ್ಲಾ ಹರಡುತ್ತೆ.

ಇದು ನಮ್ಮನೆ ಕಥೆ ಮಾತ್ರ ಅಲ್ಲ. ಭಾರತದಲ್ಲಿ ಸುಮಾರು 5.7 ಕೋಟಿ ಜನ ಗಂಭೀರ ಶಿಲೀಂಧ್ರ ಸೋಂಕಿನಿಂದ ಬಳಲ್ತಿದ್ದಾರೆ ಅಂತ ಏಮ್ಸ್, ಚಂಡೀಗಢದ ಪಿಜಿಐ ಮತ್ತು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ತಜ್ಞರು ಅಂದಾಜು ಮಾಡಿದ್ದಾರೆ. ಅಂದ್ರೆ ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು ಜನ. ಪಕ್ಕದ ತಮಿಳುನಾಡಿನ ಮದುರೈ ಜಿಲ್ಲೆಯ ಒಂದು ಅಧ್ಯಯನದಲ್ಲಿ, ಲಕ್ಷ ಜನಕ್ಕೆ ವರ್ಷಕ್ಕೆ 113 ಮಂದಿಗೆ ಕಾರ್ನಿಯಾ ಹುಣ್ಣು ಆಗೋದು ಕಂಡುಬಂದಿತ್ತು. ದಕ್ಷಿಣ ಭಾರತದಲ್ಲಿ ಇಂಥ ಹುಣ್ಣುಗಳಲ್ಲಿ ಶಿಲೀಂಧ್ರದ ಪಾಲು ದೊಡ್ಡದು, ಮತ್ತು ಬರೋದು ಹೆಚ್ಚಾಗಿ ಹೊಲದಲ್ಲಿ ದುಡಿಯುವ ಪ್ರಾಯದವರಿಗೆ.

ಗರಿ, ಹುಲ್ಲು, ತೆನೆ ಕಣ್ಣಿಗೆ ತಗುಲಿದರೆ ಉಜ್ಜಬೇಡಿ. ಶುದ್ಧ ಕುಡಿಯುವ ನೀರಲ್ಲಿ ತೊಳೆಯಿರಿ, ಕಾಲುವೆ ನೀರು ಬೇಡ. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಯಾವುದೂ ಬೇಡ, ಹಿರಿಯರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ಅವತ್ತೇ, ತಪ್ಪಿದರೆ ಮಾರನೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ನೇಪಾಳದ ಭಕ್ತಪುರದಲ್ಲಿ ಊರಿನ ಆರೋಗ್ಯ ಕಾರ್ಯಕರ್ತರೇ ಕಣ್ಣು ಗೀರಿದವರಿಗೆ ಆಂಟಿಬಯೋಟಿಕ್ ಮುಲಾಮು ಹಾಕಿದ್ರು. 18 ಗಂಟೆಯೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ, ತಡವಾಗಿ ಬಂದ ಕೆಲವರಿಗೆ ಆಯ್ತು. ಈ ವರದಿ 2001ರಲ್ಲೇ ಪ್ರಕಟವಾಗಿದೆ.

ಡಾಕ್ಟರಿಗೆ "ಕಣ್ಣು ಕೆಂಪಾಗಿದೆ" ಅಂತಷ್ಟೇ ಹೇಳಬೇಡಿ. "ಕಬ್ಬಿನ ಗರಿ ತಗುಲಿತು" ಅಂತ ಹೇಳಿ. ಆ ಒಂದು ಮಾತಿಗೆ ಅವರ ಯೋಚನೆಯೇ ಬದಲಾಗುತ್ತೆ. ಹುಣ್ಣಿದ್ದರೆ ಸ್ವಲ್ಪ ಕೆರೆದು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡ್ತಾರೆ, ಶಿಲೀಂಧ್ರದ ಎಳೆಗಳು ಅಲ್ಲೇ ಕಾಣಬಹುದು. ಕೊಡುವ ಮುಖ್ಯ ಔಷಧ ನಟಾಮೈಸಿನ್ ಡ್ರಾಪ್ಸ್. ಶುರುವಿನಲ್ಲಿ ಗಂಟೆಗೊಮ್ಮೆ ಹಾಕಬೇಕಾಗುತ್ತೆ, ಅದಕ್ಕೆ ಫೋನಲ್ಲಿ ಅಲಾರಂ ಇಡಿ. ವಾರಗಟ್ಟಲೆ ಹಿಡಿಯುತ್ತೆ, ಅರ್ಧಕ್ಕೆ ನಿಲ್ಲಿಸಬೇಡಿ.

ಮನೆಯಲ್ಲಿ ಈಗಾಗಲೇ ಇರೋ ಡ್ರಾಪ್ಸ್ ಬಾಟಲಿಗಳ ಸಣ್ಣ ಅಕ್ಷರವನ್ನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಓದಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಅಂತಿದ್ದರೆ ಅದು ಸ್ಟೀರಾಯ್ಡ್. ಡಾಕ್ಟರು ಹೇಳದೆ ಹಾಕಬೇಡಿ.

ಅಪ್ಪ ಈಗ ಕಟಾವಿಗೆ ಬರೋರಿಗೆಲ್ಲಾ ಪ್ಲಾಸ್ಟಿಕ್ ಗಾಗಲ್ಸ್ ಕೊಡ್ತಾರೆ. ಬೆವರಿಗೆ ಮಂಜು ಕಟ್ಟುತ್ತೆ ಅಂತ ಅರ್ಧ ಜನ ಮಧ್ಯಾಹ್ನಕ್ಕೇ ತೆಗೆದಿಡ್ತಿದ್ರು. ಹೋದ ವರ್ಷದಿಂದ ಪಕ್ಕದಲ್ಲಿ ಗಾಳಿಯಾಡಲು ತೂತಿರುವ ಗಾಗಲ್ಸ್ ತಂದಿದ್ದೀವಿ. ಅದನ್ನ ಸಂಜೆವರೆಗೂ ಹಾಕ್ಕೊಂಡಿರ್ತಾರೆ.