ನಾಯಿಯ ಕೊನೆಯ ದಿನಗಳಿಗೂ ಒಂದು ಬಜೆಟ್ ಇರಲಿ

ಇನ್ನು ಗುಣವಾಗುವುದಿಲ್ಲ ಎಂದು ವೈದ್ಯರು ಹೇಳಿದ ಮೇಲೆ ನಾಯಿಗೆ ಎಷ್ಟು ಖರ್ಚು ಮಾಡಬೇಕು? ಮುಂಬಯಿಯ ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಎಲ್ಲರ ಮನಸ್ಸಿನಲ್ಲೂ ಇರುತ್ತದೆ, ಯಾರ ಬಾಯಲ್ಲೂ ಬರುವುದಿಲ್ಲ. ಕೇಳಿದರೆ ಕಲ್ಲೆದೆಯವರು ಎನಿಸಿಕೊಳ್ಳುತ್ತೇವೆಂಬ ಭಯ. ನಾಯಿ ಸಾಕಿದ ಅನುಭವದಿಂದಲೂ ಸಂಸಾರಗಳ ಹಣಕಾಸಿನ ಬಗ್ಗೆ ಬರೆಯುತ್ತ ಬಂದ ಅನುಭವದಿಂದಲೂ ನಾನು ಹೇಳಬೇಕೆಂದಿರುವುದು ಇದು: ಆ ಖರ್ಚಿಗೆ ಮಿತಿ ಬೇಕು, ಅದನ್ನು ನಾಯಿ ಆರೋಗ್ಯವಾಗಿ ಓಡಾಡಿಕೊಂಡಿರುವಾಗಲೇ ಹಾಕಿಕೊಳ್ಳಬೇಕು. ಉಳಿತಾಯ ಇದರ ಉದ್ದೇಶವಲ್ಲ. ಮಿತಿ ಹಾಕಿಕೊಳ್ಳದ ಮನೆಯಲ್ಲಿ ಹಣ ನಾಯಿಯ ನೋವು ತಗ್ಗಿಸುವುದಕ್ಕಿಂತ ಹೆಚ್ಚಾಗಿ ನಮ್ಮ ನಿರ್ಧಾರವನ್ನು ಮುಂದೂಡುವುದಕ್ಕೆ ಹೋಗುತ್ತದೆ. ಮುಂದೂಡಿದ ಪ್ರತಿಯೊಂದು ದಿನವನ್ನೂ ಮೈಮೇಲೆ ಅನುಭವಿಸುವುದು ನಾಯಿ.

ಹಿಂದೆ ಈ ಪ್ರಶ್ನೆ ಇಷ್ಟು ಕಠಿಣವಾಗಿರಲಿಲ್ಲ, ಏಕೆಂದರೆ ಮಾಡುವುದಕ್ಕೆ ಹೆಚ್ಚೇನೂ ಇರಲಿಲ್ಲ. ಪರೇಲಿನಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ನಡೆಯುತ್ತಿರುವ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆಗೆ, ಅಂದರೆ ಊರೆಲ್ಲ ಬೈಲ್‌ಘೋಡಾ ಆಸ್ಪತ್ರೆ ಎಂದು ಕರೆಯುವ ಕಡೆಗೆ, ಕರೆದುಕೊಂಡು ಹೋಗುವುದು. ವೈದ್ಯರು ಹೇಳಿದ್ದನ್ನು ಕೇಳಿಕೊಂಡು ಬರುವುದು. ಈಗ ಮಹಾಲಕ್ಷ್ಮಿಯಲ್ಲಿ 2024ರಲ್ಲಿ ತೆರೆದ ಟಾಟಾ ಟ್ರಸ್ಟ್‌ನ ಸಣ್ಣ ಪ್ರಾಣಿಗಳ ಆಸ್ಪತ್ರೆಯಿದೆ. ಸುಮಾರು 165 ಕೋಟಿ ರೂಪಾಯಿ ವೆಚ್ಚದ, ಹಗಲು ರಾತ್ರಿ ನಡೆಯುವ, ಐಸಿಯು ಇರುವ ಆಸ್ಪತ್ರೆ ಅದು. ಉಪನಗರಗಳಲ್ಲಿ ಸ್ಕ್ಯಾನಿಂಗ್, ಕೀಮೊ, ರಕ್ತ ನೀಡುವಿಕೆ ಮಾಡುವ ಖಾಸಗಿ ಕ್ಲಿನಿಕ್‌ಗಳು ಬಂದಿವೆ. ಇದೆಲ್ಲ ಒಳ್ಳೆಯದೇ. ಗುಣವಾಗಬಲ್ಲ ನಾಯಿ ಸೌಲಭ್ಯವಿಲ್ಲದೆ ಸಾಯಬಾರದು. ಆದರೆ ಎಲ್ಲಿ ನಿಲ್ಲಬೇಕು ಎಂಬುದನ್ನು ಮೊದಲು ಸೌಲಭ್ಯ ಇಲ್ಲದಿರುವುದೇ ತೀರ್ಮಾನಿಸುತ್ತಿತ್ತು. ಈಗ ಆ ತೀರ್ಮಾನ ಮನೆಯವರ ಹೆಗಲಿಗೆ ಬಂದಿದೆ.

ಕಾಯಿಲೆಯಿಂದ ಕಾಯಿಲೆಗೆ ಲೆಕ್ಕ ಎಷ್ಟು ಬದಲಾಗುತ್ತದೆ ನೋಡಿ. ನಾಯಿಗೆ ಲಿಂಫೋಮ ಬಂದರೆ, ಚಿಕಿತ್ಸೆ ಇಲ್ಲದಿದ್ದಲ್ಲಿ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಹಲವು ಔಷಧಗಳ ಕೀಮೊ ಕೊಟ್ಟರೆ ಅದು ಸುಮಾರು ಒಂದು ವರ್ಷದವರೆಗೆ ಹೋಗಬಹುದು, ಅದರಲ್ಲಿ ಹೆಚ್ಚು ದಿನ ನಾಯಿ ಉಂಡು ಆಡಿಕೊಂಡಿರುತ್ತದೆ. ಗುಲ್ಮದಲ್ಲಿ ಬರುವ ಹೆಮಾಂಜಿಯೊಸಾರ್ಕೋಮದ ಕಥೆ ಬೇರೆ: ದೊಡ್ಡ ಶಸ್ತ್ರಚಿಕಿತ್ಸೆ ಮಾಡಿಸಿದರೂ ಸಿಗುವುದು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು, ಕೀಮೊ ಸೇರಿಸಿದರೆ ನಾಲ್ಕರಿಂದ ಆರು. ಮುಪ್ಪಿನಲ್ಲಿ ಕಿಡ್ನಿ ಕೆಟ್ಟರೆ ಅದನ್ನು ಸರಿಮಾಡುವ ಔಷಧವೇ ಇಲ್ಲ. ಆರಂಭದ ಹಂತವಾದರೆ ಪಥ್ಯ, ಔಷಧಗಳಿಂದ ಬಹುಕಾಲ ಚೆನ್ನಾಗಿರಬಹುದು, ಕೊನೆಯ ಹಂತವಾದರೆ ಡ್ರಿಪ್ ಮೇಲೆ ಡ್ರಿಪ್. ಒಂದು ಲಕ್ಷ ರೂಪಾಯಿ ಮೊದಲನೆಯ ಪ್ರಸಂಗದಲ್ಲಿ ನಾಯಿಗೆ ನಿಜವಾದ ಬದುಕನ್ನು ಕೊಡಬಲ್ಲದು, ಕೊನೆಯದರಲ್ಲಿ ಅದೇ ಲಕ್ಷ ಸೂಜಿ ಚುಚ್ಚಿಸಿಕೊಳ್ಳುವ ದಿನಗಳನ್ನು ಕೊಡುತ್ತದೆ. ಹಾಗಾಗಿ 'ಎಷ್ಟಾಗುತ್ತದೆ' ಎಂದು ಕೇಳುವುದಕ್ಕಿಂತ ಮೊದಲು ವೈದ್ಯರನ್ನು ಕೇಳಬೇಕಾದದ್ದು ಬೇರೆ ಇದೆ. ಇಂಥ ಸ್ಥಿತಿಯ ನಾಯಿಗಳು ಈ ಚಿಕಿತ್ಸೆಯಿಂದ ಸಾಮಾನ್ಯವಾಗಿ ಎಷ್ಟು ಕಾಲ ಬದುಕುತ್ತವೆ, ಆ ಕಾಲದಲ್ಲಿ ಎಷ್ಟು ದಿನ ಮನೆಯಲ್ಲಿ ಇರುತ್ತವೆ, ಏನೂ ಮಾಡದೆ ನೋವಿಗೆ ಮಾತ್ರ ಔಷಧ ಕೊಟ್ಟರೆ ಏನಾಗುತ್ತದೆ. ಈ ಕೊನೆಯ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ, ಕೇಳದಿದ್ದರೆ ಹೆಚ್ಚಿನ ವೈದ್ಯರು ತಾವಾಗಿ ಹೇಳುವುದೂ ಇಲ್ಲ.

ಮುಂಬಯಿಯಲ್ಲಿ ಬಿಲ್ಲಿನಲ್ಲಿ ಕಾಣದ ಖರ್ಚು ಬೇರೆ ಉಂಟು. ಮೀರಾ ರೋಡಿನಿಂದಲೋ ಡೊಂಬಿವಲಿಯಿಂದಲೋ ದೊಡ್ಡ ಆಸ್ಪತ್ರೆಗೆ ದಿನಬಿಟ್ಟು ದಿನ ಹೋಗಿಬರುವ ಟ್ಯಾಕ್ಸಿ, ನಾಯಿಯನ್ನು ಹತ್ತಿಸಿಕೊಳ್ಳಲು ಒಪ್ಪುವ ಚಾಲಕನಿಗಾಗಿ ಕಾಯುವ ಹೊತ್ತು, ಕಳೆದುಕೊಂಡ ರಜೆ. ಲಿಫ್ಟ್ ಇಲ್ಲದ ಹಳೆಯ ಕಟ್ಟಡದ ಮೂರನೇ ಮಾಳಿಗೆಯಿಂದ ಮೂವತ್ತು ಕಿಲೋದ ಲ್ಯಾಬ್ರಡಾರನ್ನು ಇಬ್ಬರು ಬೆಡ್‌ಶೀಟಿನಲ್ಲಿ ಎತ್ತಿ ಇಳಿಸುವಾಗ ಗಡ್ಡೆ ಇರುವ ಹೊಟ್ಟೆ ಎಷ್ಟು ನೋಯುತ್ತದೆ ಎಂಬುದನ್ನು ಯಾವ ರಸೀದಿಯೂ ತೋರಿಸುವುದಿಲ್ಲ. ಇದಕ್ಕೆ ಹೋಲಿಸಿದರೆ ನೋವಿನ ಔಷಧ, ವಾಂತಿ ನಿಲ್ಲಿಸುವ ಮಾತ್ರೆ, ಹುಣ್ಣಾಗದಂತೆ ದಪ್ಪ ಹಾಸಿಗೆ, ಜಾರದ ಮ್ಯಾಟು, ಮನೆಗೇ ಬರುವ ವೈದ್ಯರ ಫೀಸು, ಇವೆಲ್ಲ ಸೇರಿದರೂ ಐಸಿಯುನ ಕೆಲವೇ ದಿನಗಳ ಬಿಲ್ಲನ್ನು ಮುಟ್ಟಲಿಕ್ಕಿಲ್ಲ. ಕೊನೆಯ ಹಂತದ ಬಜೆಟ್ಟಿನಲ್ಲಿ ಈ ಬಾಬತ್ತುಗಳಿಗೆ ಮೊದಲು ಹಣ ತೆಗೆದಿಟ್ಟು, ಉಳಿದದ್ದನ್ನು ಚಿಕಿತ್ಸೆಗೆ ಎನ್ನಿ. ಬಹುತೇಕ ಮನೆಗಳಲ್ಲಿ ನಡೆಯುವುದು ಇದರ ತಿರುವುಮುರುವು: ಚಿಕಿತ್ಸೆಗೆ ಎಲ್ಲವೂ ಮುಗಿದು, ಆರಾಮ ಕೊಡುವ ಹೊತ್ತಿಗೆ ಕೈ ಖಾಲಿ.

ಮಿತಿ ಎಂದರೆ ಯಾವ ಮೊತ್ತ ಎಂದು ಕೇಳುತ್ತೀರಿ. ಅದು ನಿಮ್ಮ ಸಂಬಳದ ಮೇಲೆ ನಿಂತಿದೆ. ಮರಿ ಮನೆಗೆ ಬಂದ ತಿಂಗಳಿಂದಲೇ ತಿಂಗಳಿಗೆ 1,000 ರೂಪಾಯಿಯ ಒಂದು ಆರ್‌ಡಿ ಹಾಕಿದರೆ, ಶೇ. 6.5ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ಸುಮಾರು 1 ಲಕ್ಷ 68 ಸಾವಿರ ಆಗುತ್ತದೆ. ಲ್ಯಾಬ್ರಡಾರ್ ಗಾತ್ರದ ನಾಯಿಗೆ ಮುಪ್ಪು ಬರುವುದೂ ಹೆಚ್ಚುಕಡಿಮೆ ಆ ಹೊತ್ತಿಗೇ. ಆ ಮೊತ್ತವೇ ಮಿತಿ ಎಂದು ಮನೆಯವರೆಲ್ಲ ಒಪ್ಪಿಕೊಂಡರೆ ಮುಂದೆ ಯಾರೂ ಯಾರನ್ನೂ ದೂರಬೇಕಾಗಿಲ್ಲ. ವಿಮೆಯನ್ನು ನೆಚ್ಚಿ ಕೂರಬೇಡಿ. ನಮ್ಮಲ್ಲಿ ನಾಯಿಗಳಿಗೆ ವಿಮೆ ಇದೆ, ಆದರೆ ಸೇರಿಸಿಕೊಳ್ಳುವ ವಯಸ್ಸಿಗೆ ಗಡಿಯಿದೆ, ಮೊದಲೇ ಇದ್ದ ಕಾಯಿಲೆ ಸೇರುವುದಿಲ್ಲ, ಲಸಿಕೆಯ ದಾಖಲೆ ಕೇಳುತ್ತಾರೆ. ಮುದಿ ನಾಯಿಗೆ ಕಾಯಿಲೆ ಕಾಣಿಸಿದ ಮೇಲೆ ಪಾಲಿಸಿ ಹುಡುಕುವುದು ವ್ಯರ್ಥ. ಆರೋಗ್ಯ ವಿಮೆಯ ಕಂತಿಗೆ ಸಿಗುವ ಆದಾಯ ತೆರಿಗೆಯ ಕಡಿತವೂ ನಿಮಗೆ, ಸಂಗಾತಿಗೆ, ಮಕ್ಕಳಿಗೆ, ತಂದೆತಾಯಿಗೆ ಮಾತ್ರ. ಎಲ್ಲಕ್ಕಿಂತ ಕೆಟ್ಟ ದಾರಿ ಕ್ರೆಡಿಟ್ ಕಾರ್ಡು. ತಿಂಗಳಿಗೆ ಶೇ. 3ರಿಂದ 4ರ ಬಡ್ಡಿಯ ಆ ಸಾಲ, ನಾಯಿ ಹೋಗಿ ಬಹುಕಾಲದ ನಂತರವೂ ಪ್ರತಿ ತಿಂಗಳು ಆ ಸಾವನ್ನು ಸ್ಟೇಟ್‌ಮೆಂಟಿನಲ್ಲಿ ಬರೆದು ಕಳಿಸುತ್ತದೆ. ಇನ್ನೊಂದು ಮಾತು, ಇದು ಹಣಕ್ಕಿಂತ ಸೂಕ್ಷ್ಮ. ಅನೇಕ ಮನೆಗಳಲ್ಲಿ ಖರ್ಚು ಕಳಿಸುವ ಮಗ ದುಬೈಯಲ್ಲೋ ಪುಣೆಯಲ್ಲೋ ಇರುತ್ತಾನೆ, ರಾತ್ರಿ ಎದ್ದು ನಾಯಿಯ ಮೈ ಒರೆಸುವ ಅಮ್ಮ ಭಾಂಡುಪಿನಲ್ಲಿ ಇರುತ್ತಾರೆ. ಫೋನಿನ ಆ ತುದಿಯಿಂದ 'ಏನಾದರೂ ಮಾಡಿ, ದುಡ್ಡಿನ ಚಿಂತೆ ಬೇಡ' ಎನ್ನುವುದು ಸುಲಭ. ನಿಲ್ಲಿಸುವ ಅಧಿಕಾರ ನಾಯಿಯ ಪಕ್ಕದಲ್ಲಿ ಕೂತವರ ಕೈಯಲ್ಲಿರಬೇಕು, ಹಣ ಕೊಡುವವರ ಕೈಯಲ್ಲಲ್ಲ.

ಚಿಕಿತ್ಸೆ ನಿಲ್ಲಿಸಿ ದಯಾಮರಣ ಕೊಡಿಸುವ ಮಾತು ಬಂದಾಗ ಎದುರಾಗುವ ದೊಡ್ಡ ಆಕ್ಷೇಪ ಧರ್ಮದ್ದು. ಜೀವ ತೆಗೆಯಲು ನಾವು ಯಾರು, ಬಂದ ಹಾಗೆ ಹೋಗಲಿ ಎನ್ನುವವರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಈ ನಗರಕ್ಕೆ ಅದರದೇ ಪರಂಪರೆಯಿದೆ. 1832ರಲ್ಲಿ ಬೀದಿನಾಯಿಗಳನ್ನು ಕೊಲ್ಲಿಸಿದ ಕಂಪನಿ ಸರ್ಕಾರದ ಕ್ರಮದ ವಿರುದ್ಧ ಪಾರ್ಸಿಗಳು ಬೀದಿಗಿಳಿದಿದ್ದರು. ಎರಡು ವರ್ಷಗಳ ನಂತರ, 1834ರಲ್ಲಿ, ಜಮ್ಷೆಡ್‌ಜೀ ಜೀಜೀಭಾಯ್ ಮೊದಲಾದವರು ಪ್ರಾಣಿಗಳ ಆಶ್ರಯವಾದ ಮುಂಬಯಿಯ ಪಾಂಜರಪೋಳವನ್ನು ಕಟ್ಟಿದರು. ಭುಲೇಶ್ವರದಲ್ಲಿ ಅದು ಇಂದೂ ಇದೆ. ಆದರೆ ಆ ಜನ ಪ್ರತಿಭಟಿಸಿದ್ದು ಬದುಕಬಲ್ಲ ಪ್ರಾಣಿಯನ್ನು ಬೇಡವೆಂದು ಕೊಲ್ಲುವುದರ ವಿರುದ್ಧ. ನೋವಿನಿಂದ ಬಿಡಿಸುವುದು ಬೇರೆ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಗುಣವಾಗದ ನೋವಿನಿಂದ ಒದ್ದಾಡುತ್ತಿದ್ದ ಕರುವಿಗೆ ಗಾಂಧೀಜಿ ವೈದ್ಯರಿಂದ ಇಂಜೆಕ್ಷನ್ ಕೊಡಿಸಿದರು, ಅದಕ್ಕಾಗಿ ಬಂದ ಕೋಪವನ್ನೆಲ್ಲ ಎದುರಿಸಿ ಅದೂ ಅಹಿಂಸೆಯೇ ಎಂದು ವಾದಿಸಿದರು. ನಮ್ಮ ಕಾನೂನೂ ಇದನ್ನು ಒಪ್ಪುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ, ಬದುಕಿಸಿ ಇಡುವುದೇ ಕ್ರೌರ್ಯವಾಗುವ ಸ್ಥಿತಿಯೊಂದಿದೆ ಎಂದು ಗುರುತಿಸಿದೆ. ಬೀದಿನಾಯಿಗಳ ಕುರಿತ 2001ರ ನಿಯಮಗಳು ಗುಣವಾಗದ ಕಾಯಿಲೆಯ ನಾಯಿಗೆ ಅರ್ಹ ಪಶುವೈದ್ಯರಿಂದ ದಯಾಮರಣ ಕೊಡಿಸಬಹುದೆಂದು ಹೇಳಿದ್ದಲ್ಲದೆ, ಇನ್ನೊಂದು ನಾಯಿಯ ಎದುರು ಅದನ್ನು ಮಾಡಕೂಡದು ಎಂಬಷ್ಟು ಸೂಕ್ಷ್ಮವನ್ನೂ ಬರೆದಿಟ್ಟವು. ಬೀದಿಯ ನಾಯಿಗೆ ನಾವು ಬಯಸುವ ಈ ಮೃದುತ್ವವನ್ನು ಮನೆಯ ನಾಯಿಗೆ ನಿರಾಕರಿಸಬಾರದು. ಬಂದ ಹಾಗೆ ಹೋಗಲಿ ಎನ್ನುವವರು ಡ್ರಿಪ್, ಕೀಮೊ, ಆಮ್ಲಜನಕ ಯಾವುದನ್ನೂ ಕೊಡದೆ ನೋವಿಗೆ ಮಾತ್ರ ಔಷಧ ಕೊಟ್ಟು ಕೂತರೆ ಅದನ್ನೂ ಗೌರವಿಸುತ್ತೇನೆ. ಯಂತ್ರದಿಂದ ಆಯುಸ್ಸನ್ನು ಎಳೆದು, ಸಾವನ್ನು ಮಾತ್ರ ಪ್ರಕೃತಿಗೆ ಬಿಡುತ್ತೇವೆ ಎಂಬ ವಾದ ನನಗೆ ಒಪ್ಪಿಗೆಯಿಲ್ಲ.

ಯಾವಾಗ ಎಂದು ಗೊತ್ತಾಗುವುದು ಹೇಗೆ? ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ ಮಾಡಿಕೊಟ್ಟ ಒಂದು ಅಳತೆಗೋಲನ್ನು ಜಗತ್ತಿನ ಅನೇಕ ವೈದ್ಯರು ಬಳಸುತ್ತಾರೆ. ನೋವು, ಹಸಿವು, ನೀರಿನಂಶ, ಶುಚಿ, ಸಂತೋಷ, ನಡೆದಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನ ಹೆಚ್ಚೇ ಎಂಬುದು, ಈ ಏಳಕ್ಕೂ ಹತ್ತರಲ್ಲಿ ಅಂಕ ಕೊಡುವುದು. ಒಟ್ಟು 35ಕ್ಕಿಂತ ಮೇಲಿದ್ದರೆ ಆರೈಕೆ ಮುಂದುವರಿಸಬಹುದು. ಅಂಕಗಳಲ್ಲಿ ಪ್ರೀತಿಯನ್ನು ಅಳೆಯುತ್ತೀರಾ ಎಂದು ಕೆಲವರಿಗೆ ಬೇಸರವಾಗಬಹುದು. ಪ್ರೀತಿಯ ಅಳತೆ ಅದಲ್ಲ. ಒಂದೇ ಮನೆಯಲ್ಲಿ ಮೂವರು ಮೂರು ರೀತಿ ನೋಡುತ್ತಿರುವ ನಾಯಿಯನ್ನು ಮೂವರೂ ಒಟ್ಟಿಗೆ ನೋಡುವಂತೆ ಮಾಡುವ ಉಪಾಯ. ಕ್ಯಾಲೆಂಡರಿನಲ್ಲಿ ದಿನಾ ಅಂಕ ಬರೆದಿಡಿ. ಕೆಳಗಿಳಿದ ಸಾಲು ಕಣ್ಣಿಗೆ ಬಿದ್ದ ಮೇಲೆ ಮನೆಯ ವಾದ ಮುಗಿಯುತ್ತದೆ. ದಯಾಮರಣದ ವಿಧಾನವನ್ನೂ ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು: ಮೊದಲು ಮಂಪರಿನ ಇಂಜೆಕ್ಷನ್, ಆಮೇಲೆ ಅರಿವಳಿಕೆ ಔಷಧದ ದೊಡ್ಡ ಪ್ರಮಾಣ, ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಕಣ್ಣು ತೆರೆದೇ ಇರಬಹುದು, ಮೈ ಒಮ್ಮೆ ಅದುರಬಹುದು; ಅದು ನೋವಲ್ಲ. ಗೊತ್ತಿಲ್ಲದೆ ನೋಡಿದವರಿಗೆ ಅದೇ ವರ್ಷಗಟ್ಟಲೆ ಕಾಡುತ್ತದೆ.

ಆಮೇಲಿನ ವ್ಯವಸ್ಥೆಗೆ ಯಾರೂ ಹಣವನ್ನೂ ಯೋಚನೆಯನ್ನೂ ತೆಗೆದಿಡುವುದಿಲ್ಲ. ಊರಿನಲ್ಲಾದರೆ ತೆಂಗಿನ ಬುಡವೋ ಮಾವಿನ ಬುಡವೋ ಇತ್ತು, ಹಾರೆ ಹಿಡಿಯುವ ಕೈ ಇತ್ತು. ಇಲ್ಲಿ ಕಟ್ಟಡದ ಅಂಗಳ ಸೊಸೈಟಿಯದು, ಮಳೆಗಾಲದಲ್ಲಿ ಎರಡಡಿ ಅಗೆದರೆ ನೀರು. ಕದ್ದು ಹೂಳುವುದರಲ್ಲಿ ಇನ್ನೊಂದು ಅಪಾಯವಿದೆ, ಹೆಚ್ಚಿನವರಿಗೆ ಗೊತ್ತಿರುವುದಿಲ್ಲ: ದಯಾಮರಣಕ್ಕೆ ಪೆಂಟೊಬಾರ್ಬಿಟಾಲ್ ಕೊಟ್ಟಿದ್ದರೆ ಅದು ಕಳೇಬರದಲ್ಲಿ ಬಹುಕಾಲ ಉಳಿಯುತ್ತದೆ, ಅದನ್ನು ಕೆದಕಿ ತಿಂದ ಬೀದಿನಾಯಿ, ಹದ್ದು, ಕಾಗೆಗಳೂ ಸಾಯಬಹುದು. ದಹನವೇ ಸರಿ. ಪರೇಲಿನ ಆಸ್ಪತ್ರೆಯ ಆವರಣದಲ್ಲಿ ಪ್ರಾಣಿಗಳ ದಹನ ವ್ಯವಸ್ಥೆ ಹಿಂದಿನಿಂದ ಇದೆ. ಮುಂಬಯಿ ಮಹಾನಗರ ಪಾಲಿಕೆ 2023ರ ಸೆಪ್ಟೆಂಬರಿನಲ್ಲಿ ಮಲಾಡ್ ಪಶ್ಚಿಮದಲ್ಲಿ ಪೈಪ್ ಗ್ಯಾಸ್‌ನಿಂದ ನಡೆಯುವ ಚಿತಾಗಾರವನ್ನು ಸಣ್ಣ ಪ್ರಾಣಿಗಳಿಗೆಂದೇ ತೆರೆಯಿತು, ಶುಲ್ಕವಿಲ್ಲ. ಬೂದಿ ಬೇಕು, ಪ್ರತ್ಯೇಕ ದಹನ ಬೇಕು, ಮನೆಯಿಂದ ಒಯ್ಯಬೇಕು ಎನ್ನುವವರಿಗೆ ಖಾಸಗಿ ಸೇವೆಗಳಿವೆ, ದರ ಬೇರೆಬೇರೆ. ಪಾಲಿಕೆಯ ಸಹಾಯವಾಣಿ 1916. ರಾತ್ರಿ ಹೊತ್ತಿನಲ್ಲಿ ಸತ್ತರೆ ಎಲ್ಲಿಡುವುದು, ಯಾವ ಸಮಯಕ್ಕೆ ಎಲ್ಲಿ ತೆರೆದಿರುತ್ತದೆ, ವೈದ್ಯರ ಮರಣಪತ್ರ ಬೇಕೇ, ಇದನ್ನೆಲ್ಲ ನಾಯಿ ಬದುಕಿರುವಾಗಲೇ ಫೋನ್ ಮಾಡಿ ಕೇಳಿ, ಪಾಲಿಕೆಯ ಲೈಸೆನ್ಸ್ ಮತ್ತು ಲಸಿಕೆಯ ಪುಸ್ತಕದ ಜೊತೆ ಒಂದು ಕಾಗದದಲ್ಲಿ ಬರೆದಿಡಿ. ಅಳುತ್ತಿರುವಾಗ ದರ ವಿಚಾರಿಸುವ ಶಕ್ತಿ ಯಾರಿಗೂ ಇರುವುದಿಲ್ಲ, ಕೇಳಿದಷ್ಟು ಕೊಟ್ಟುಬಿಡುತ್ತಾರೆ.

ನಾಯಿಯ ಸಾವಿಗೆ ಇಷ್ಟೆಲ್ಲ ಏಕೆ, ಇದು ಪೇಟೆಯ ಹೊಸ ಶೋಕಿ ಎನ್ನುವವರು ಮದ್ದೂರು ತಾಲೂಕಿನ ಆತಕೂರಿನ ಶಾಸನವನ್ನು ನೆನೆಯಬೇಕು. ಕ್ರಿ.ಶ. 949-50ರ ಸುಮಾರಿನ ಆ ಕಲ್ಲು ಕಾಳಿ ಎಂಬ ಬೇಟೆನಾಯಿಯದು. ಮಣಲೇರ ಎಂಬ ವೀರ ತನ್ನ ಒಡೆಯ ಗಂಗರ ಬೂತುಗನಿಂದ ಬಹುಮಾನವಾಗಿ ಅದನ್ನು ಬೇಡಿ ಪಡೆದಿದ್ದ. ಕಾಡುಹಂದಿಯೊಡನೆ ಕಾದಾಡಿ ಎರಡೂ ಸತ್ತಾಗ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟ. ಸಾವಿರ ವರ್ಷಗಳ ಹಿಂದೆಯೇ ಕನ್ನಡ ನೆಲದಲ್ಲಿ ಒಬ್ಬ ನಾಯಿಯ ಮರಣಾನಂತರದ ವೆಚ್ಚಕ್ಕೆ ನಿಗದಿತ ಆದಾಯ ಗೊತ್ತುಮಾಡಿದ್ದ. ಖರ್ಚು ಮಾಡುವುದು ಶೋಕಿಯಲ್ಲ. ಎಷ್ಟು, ಯಾವುದಕ್ಕೆ ಎಂದು ಅವನೂ ಲೆಕ್ಕ ಹಾಕಿಯೇ ಕೊಟ್ಟಿದ್ದು.

ಆರ್‌ಡಿಯನ್ನೂ ಹಾಕಲಾಗದ ಮನೆಗಳಿವೆ, ಅವರಿಗೆ ಈ ಅಂಕಣ ಏನು ಹೇಳುತ್ತದೆ ಎಂಬ ಪ್ರಶ್ನೆ ನ್ಯಾಯವಾದದ್ದು. ಅವರು ಪರೇಲಿನಂಥ ದತ್ತಿ ಆಸ್ಪತ್ರೆಗೆ ಸಂಕೋಚವಿಲ್ಲದೆ ಹೋಗಬೇಕು, ದುಬಾರಿ ಚಿಕಿತ್ಸೆ ಬೇಡವೆಂದದ್ದಕ್ಕೆ ನಾಚಬೇಕಾಗಿಲ್ಲ; ನೋವಿನ ಔಷಧ ಮತ್ತು ಸಕಾಲದ ದಯಾಮರಣ ಸಿಕ್ಕ ನಾಯಿಗೆ ಶ್ರೀಮಂತರ ಮನೆಯ ನಾಯಿಗಿಂತ ಏನೂ ಕಡಿಮೆಯಾಗಲಿಲ್ಲ. ಉಳ್ಳವರ ಆರ್‌ಡಿಯಲ್ಲಿ ಮಿತಿಗಿಂತ ಕಡಿಮೆ ಖರ್ಚಾಗಿ ಏನಾದರೂ ಉಳಿದಿದ್ದರೆ, ಅದನ್ನು ಅದೇ ತಿಂಗಳು ಅಂಥ ಆಸ್ಪತ್ರೆಗೆ ಕೊಟ್ಟು ರಸೀದಿ ಪಡೆಯಿರಿ. ಹೊಸ ಮರಿ ತರುವ ಮಾತು ಅದಾದ ಮೇಲೆ ಬರಲಿ, ಹೊಸ ಆರ್‌ಡಿಯ ಜೊತೆಗೆ.